ಟೆಂಟು ಎಲ್ಲಿ, ಪಾತ್ರೆ ಎಲ್ಲಿ? ಬೈಕ್ ಬ್ಯಾಗಿನ ಪ್ರಶ್ನೆಗಳು

ಮಳೆ ಕಡಿಮೆಯಾಗುತ್ತಿದ್ದಂತೆ ಬೈಕಿಗೆ ಟೆಂಟು ಕಟ್ಟಿಕೊಂಡು ಹೊರಡುವವರ ಪತ್ರಗಳು ಜಾಸ್ತಿ ಬರುತ್ತವೆ. ಈ ಸಲ ಬಹಳ ಜನ ಕೇಳಿರುವುದು ಸಾಫ್ಟ್ ಲಗೇಜ್ ಬಗ್ಗೆ. ಅಂದರೆ ಅಲ್ಯೂಮಿನಿಯಂ ಪೆಟ್ಟಿಗೆಗಳಲ್ಲ, ಬೈಕಿನ ಎರಡು ಪಕ್ಕಕ್ಕೂ ಹಿಂದಿನ ಸೀಟಿನ ಮೇಲೂ ಕಟ್ಟುವ ಬಟ್ಟೆಯ ಅಥವಾ ಟಾರ್ಪಾಲಿನಂಥ ಹಾಳೆಯ ಬ್ಯಾಗುಗಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಕಂಪನಿಯ ಬ್ಯಾಗು ಅನ್ನುವುದಕ್ಕಿಂತ ಯಾವ ಸಾಮಾನು ಬೈಕಿನ ಯಾವ ಜಾಗದಲ್ಲಿ ಕೂತಿದೆ ಅನ್ನುವುದೇ ಮುಖ್ಯ. ಉತ್ತರಗಳಲ್ಲಿ ಅದೇ ಮಾತು ಮತ್ತೆ ಮತ್ತೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹೊಸದಾಗಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೈಕ್ ತಗೊಂಡಿದ್ದೇನೆ. ಗೆಳೆಯರೆಲ್ಲ ಅಲ್ಯೂಮಿನಿಯಂ ಪೆಟ್ಟಿಗೆಯೇ ಹಾಕಿಸು, ಬೀಗ ಇರುತ್ತೆ, ನೀರು ಹೋಗಲ್ಲ ಅಂತಾರೆ. ನನಗೆ ಸಕಲೇಶಪುರ, ಮೂಡಿಗೆರೆ ಕಡೆ ಎಸ್ಟೇಟ್ ರಸ್ತೆಗಳಲ್ಲಿ ಓಡಾಡಿ ಟೆಂಟ್ ಹಾಕುವ ಆಸೆ. ಯಾವುದು ಒಳ್ಳೆಯದು?
(ಓದುಗರೊಬ್ಬರು, ಹಾಸನ)

ಉತ್ತರ: ನೀವು ಹೇಳಿದ ರಸ್ತೆಗಳಿಗೆ ಬಟ್ಟೆ ಬ್ಯಾಗೇ ಸರಿ. ಮೊದಲ ಕಾರಣ ನಿಮ್ಮ ಕಾಲು. ಕೆಸರಿನಲ್ಲಿ ಅಥವಾ ಸಡಿಲ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿದಾಗ ನಾವೆಲ್ಲ ಮಾಡುವುದು ಒಂದೇ, ಕಾಲು ಕೆಳಗಿಡುತ್ತೇವೆ. ಬೈಕು ಮುಂದೆ ಸಾಗುತ್ತಲೇ ಇರುತ್ತದೆ, ಕಾಲು ಹಿಂದಕ್ಕೆ ಉಳಿಯುತ್ತದೆ, ಹಿಂದಿನಿಂದ ಬರುವ ಪೆಟ್ಟಿಗೆ ಮೀನಖಂಡಕ್ಕೋ ಹಿಮ್ಮಡಿಗೋ ಬಡಿಯುತ್ತದೆ. ಪೆಟ್ಟಿಗೆ ಮಡಚಿಕೊಳ್ಳುವುದಿಲ್ಲ. ಬ್ಯಾಗು ಮಡಚಿಕೊಳ್ಳುತ್ತದೆ. ಬೈಕು ಪಕ್ಕಕ್ಕೆ ಬಿದ್ದಾಗ ಕಾಲು ಅಡಿಯಲ್ಲಿ ಸಿಕ್ಕಿಕೊಂಡರೂ ಅಷ್ಟೇ, ಬಟ್ಟೆ ತುಂಬಿದ ಬ್ಯಾಗಿನ ಅಡಿ ಸಿಗುವುದಕ್ಕೂ ಲೋಹದ ಅಂಚಿನ ಅಡಿ ಸಿಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಎರಡನೆಯದು ತೂಕ. ನಿಮ್ಮ ಬೈಕಿನ ತೂಕವೇ 196 ಕೆಜಿ. ಎರಡು ಅಲ್ಯೂಮಿನಿಯಂ ಪೆಟ್ಟಿಗೆ, ಅದನ್ನು ಹೊರುವ ರ‍್ಯಾಕ್ ಸೇರಿದರೆ ಸಾಮಾನು ಹಾಕುವ ಮೊದಲೇ ಇನ್ನೊಂದು 12–15 ಕೆಜಿ ಏರಿರುತ್ತದೆ. ಬಟ್ಟೆ ಬ್ಯಾಗುಗಳ ಜೋಡಿ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಇನ್ನು ಪೆಟ್ಟಿಗೆಗೆ ನೀರು ಹೋಗಲ್ಲ ಅನ್ನುವುದು ಅದು ಹೊಸದಾಗಿರುವವರೆಗೆ ನಿಜ. ಒಂದು ಸಲ ಚೆನ್ನಾಗಿ ಬಿದ್ದು ಮೂಲೆ ಸೊಟ್ಟಗಾಯಿತು ಅಂದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಆಮೇಲೆ ಸುತ್ತಿಗೆಯಲ್ಲಿ ಬಡಿದು ಎಷ್ಟೇ ಸರಿ ಮಾಡಿದರೂ ಸಂದಿ ಉಳಿದೇ ಉಳಿಯುತ್ತದೆ.

ಹಾಗಂತ ಪೆಟ್ಟಿಗೆ ಕೆಟ್ಟದ್ದಲ್ಲ. ಹೆದ್ದಾರಿಯಲ್ಲೇ ಓಡಾಡುವವರು, ದಿನಾ ಲಾಡ್ಜಿನಲ್ಲಿ ಉಳಿಯುವವರು, ಊರೊಳಗೆ ಬೈಕು ನಿಲ್ಲಿಸಿ ಅರ್ಧ ದಿನ ಸುತ್ತಾಡುವವರಿಗೆ ಬೀಗ ಹಾಕಿ ಹೋಗುವ ನೆಮ್ಮದಿ ದೊಡ್ಡದು. ನಿಮ್ಮ ಉಪಯೋಗ ಅದಲ್ಲ, ಅಲ್ವಾ?

ಪ್ರಶ್ನೆ: ನನ್ನದು ಹೀರೋ ಎಕ್ಸ್‌ಪಲ್ಸ್ 200 ಬೈಕ್. ಎರಡು ಪಕ್ಕದ ಬ್ಯಾಗು, ಹಿಂದೆ ಒಂದು ದೊಡ್ಡ ಬ್ಯಾಗು ಇದೆ. ಕ್ಯಾಂಪಿಂಗ್ ಸಾಮಾನು ತುಂಬಿಕೊಂಡು ಹೊರಟರೆ 80ರ ವೇಗದಲ್ಲಿ ಮುಂಭಾಗ ಹಗುರ ಆದಂತೆ ಅನ್ನಿಸಿ ಹ್ಯಾಂಡಲ್ ಅಲ್ಲಾಡುತ್ತದೆ. ಬೈಕಿನಲ್ಲಿ ದೋಷವಿದೆಯೇ? ಯಾವುದನ್ನು ಎಲ್ಲಿಡಬೇಕು?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಟೈರು, ಬೇರಿಂಗು ಒಂದು ಸಲ ತೋರಿಸಿ. ಆದರೆ ಖಾಲಿ ಬೈಕು ನೆಟ್ಟಗೆ ಓಡುತ್ತಿದ್ದು ಸಾಮಾನು ತುಂಬಿದಾಗ ಮಾತ್ರ ಅಲ್ಲಾಡಿದರೆ ಕಾರಣ ನಿಮ್ಮ ಹಿಂದಿನ ದೊಡ್ಡ ಬ್ಯಾಗೇ ಇರಬೇಕು. ನಿಮ್ಮ ಬೈಕಿನ ತೂಕ ಸುಮಾರು 160 ಕೆಜಿ. 40 ಕೆಜಿ ಸಾಮಾನು ಹೇರಿದರೆ ಬೈಕಿನ ಕಾಲು ಭಾಗದಷ್ಟು ತೂಕ ಹೊಸದಾಗಿ ಸೇರಿತು. ಅದರಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ, ಸೀಟಿಗಿಂತ ಮೇಲೆ ಕೂತರೆ ಹಿಂಭಾಗ ಕೆಳಗೆ ಒತ್ತಿ ಮುಂಭಾಗ ಮೇಲೇಳುತ್ತದೆ. ಮುಂದಿನ ಟೈರಿನ ಮೇಲೆ ಭಾರ ಕಡಿಮೆಯಾದಾಗ ಹ್ಯಾಂಡಲಿನ ಹಿಡಿತ ಹೋಗುತ್ತದೆ, ಹಿಂದಿನ ಬ್ಯಾಗು ಸ್ವಲ್ಪ ಸಡಿಲವಿದ್ದರಂತೂ ಅದರ ಓಲಾಟವೇ ಬೈಕನ್ನು ಆಡಿಸುತ್ತದೆ. ಹಾಗೆ ಅಲ್ಲಾಡತೊಡಗಿದಾಗ ಗಟ್ಟಿಯಾಗಿ ಬ್ರೇಕ್ ಹಾಕಬೇಡಿ, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಕುಸ್ತಿ ಮಾಡಬೇಡಿ. ಆಕ್ಸಿಲರೇಟರ್ ನಿಧಾನವಾಗಿ ಬಿಟ್ಟು ವೇಗ ಇಳಿಯಲು ಬಿಡಿ.

ಈಗ ಜಾಗದ ವಿಷಯ. ಭಾರವಾದದ್ದು ಕೆಳಗೆ ಮತ್ತು ಮುಂದೆ, ಅಂದರೆ ನಿಮ್ಮ ತೊಡೆಗೆ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು. ಟೂಲ್ಸ್, ಬಿಡಿ ಟ್ಯೂಬು, ಸ್ಟೌ, ಪಾತ್ರೆ, ಅಕ್ಕಿ-ಬೇಳೆ, ನೀರು ಇವೆಲ್ಲ ಪಕ್ಕದ ಬ್ಯಾಗಿನ ತಳದಲ್ಲಿ, ಅದರಲ್ಲೂ ಬ್ಯಾಗಿನ ಮುಂಭಾಗದ ಮೂಲೆಯಲ್ಲಿ. ನೀರು ಲೀಟರಿಗೆ ಒಂದು ಕೆಜಿ, ಇದನ್ನು ಎಲ್ಲರೂ ಮರೆಯುತ್ತಾರೆ. ಐದು ಲೀಟರ್ ನೀರನ್ನು ಹಿಂದಿನ ಬ್ಯಾಗಿನ ನೆತ್ತಿಯ ಮೇಲೆ ಕಟ್ಟಿಕೊಂಡು ಹೋಗುವವರನ್ನು ನೋಡುತ್ತಲೇ ಇರುತ್ತೇನೆ. ಟೂಲ್ಸ್‌ಗೆ ಎಂಜಿನ್ ಗಾರ್ಡಿಗೆ ಕಟ್ಟುವ ಸಣ್ಣ ಚೀಲಗಳು ಸಿಗುತ್ತವೆ, ಅವು ತುಂಬಾ ಉಪಯುಕ್ತ, ಏಕೆಂದರೆ ಆ ತೂಕ ಪೂರ್ತಿ ಮುಂದಕ್ಕೆ ಹೋಗುತ್ತದೆ.

ಹಿಂದಿನ ಬ್ಯಾಗಿಗೆ ದೊಡ್ಡದಾಗಿ ಕಾಣುವ ಆದರೆ ಹಗುರವಾದ ಸಾಮಾನು: ಸ್ಲೀಪಿಂಗ್ ಬ್ಯಾಗ್, ಮಲಗುವ ಚಾಪೆ, ಬೆಚ್ಚನೆ ಬಟ್ಟೆ. ಆ ಬ್ಯಾಗು ರ‍್ಯಾಕ್ ಮೇಲೆ ಅಲ್ಲ, ಹಿಂದಿನ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ತಾಗುವ ಹಾಗೆ ಕೂರಬೇಕು. ಒಬ್ಬರೇ ಹೋಗುವಾಗ ಹಿಂದಿನ ಸೀಟು ಪೂರ್ತಿ ಖಾಲಿ ಇರುತ್ತದೆ, ಅದನ್ನು ಬಿಟ್ಟು ಸಾಮಾನನ್ನು ಹಿಂದಕ್ಕೆ ತಳ್ಳುವುದು ಸುಮ್ನೆ ಕಷ್ಟ ಮೈಮೇಲೆ ಎಳೆದುಕೊಂಡ ಹಾಗೆ. ಆದರೆ ಮಣ್ಣು ರಸ್ತೆಯಲ್ಲಿ ನಿಂತು ಓಡಿಸುವಾಗ, ಇಳಿಜಾರಿನಲ್ಲಿ ಮೈ ಹಿಂದಕ್ಕೆ ಸರಿಸುವಾಗ ಬ್ಯಾಗು ಅಡ್ಡ ಬರಬಾರದು. ಕಟ್ಟಿದ ಮೇಲೆ ಮನೆ ಮುಂದೆಯೇ ಬೈಕ್ ಮೇಲೆ ನಿಂತು ನೋಡಿ.

ಟೆಂಟು ಸ್ವಲ್ಪ ತಕರಾರಿನ ವಸ್ತು. ಅದರ ಪೋಲುಗಳನ್ನು ಮಡಚಿದರೂ ಒಂದೂವರೆ ಅಡಿಯ ಆಸುಪಾಸು ಇರುತ್ತವೆ, ಪಕ್ಕದ ಬ್ಯಾಗಿಗೆ ಹಿಡಿಸುವುದಿಲ್ಲ. ಹಿಡಿಸಿದರೂ ಬೈಕು ಬಿದ್ದಾಗ ಅವೇ ಮೊದಲು ಸೊಟ್ಟಗಾಗುವುದು. ಪೋಲುಗಳನ್ನು ಟೆಂಟಿನ ಬಟ್ಟೆಯಿಂದ ಬೇರೆ ಮಾಡಿ. ಅವುಗಳನ್ನು ಹಿಂದಿನ ಬ್ಯಾಗಿನ ಅಡಿಯಲ್ಲಿ ಅಡ್ಡಲಾಗಿ, ಚಾಪೆಯ ಸುತ್ತಿನೊಳಗೆ ಇಡಿ. ಬಟ್ಟೆಯನ್ನು ಅಂಗಡಿಯವರು ಮಡಚಿಕೊಟ್ಟ ಹಾಗೆ ನೀಟಾಗಿ ಸುತ್ತಬೇಕಿಲ್ಲ. ಸುಮ್ಮನೆ ತುರುಕಿದರೆ ಎಲ್ಲಿ ಸಂದಿ ಇದೆಯೋ ಅಲ್ಲಿ ಅದೇ ಹೋಗಿ ಕೂರುತ್ತದೆ.

ಎಡ-ಬಲ ತೂಕ ನೋಡಲು ಊರಿನಲ್ಲಿ ಸಿಗುವ ಸಣ್ಣ ಕೊಕ್ಕೆ ತಕ್ಕಡಿ ಸಾಕು. ನಿಮ್ಮ ಬೈಕಿನ ಸೈಲೆನ್ಸರ್ ಬಲಗಡೆ ಮೇಲಕ್ಕೆ ಎದ್ದಿದೆ, ಹಾಗಾಗಿ ಆ ಕಡೆಯ ಬ್ಯಾಗು ಎಡಗಡೆಗಿಂತ ಸ್ವಲ್ಪ ಹೊರಗೆ ಕೂರುತ್ತದೆ. ಹೊರಗೆ ಕೂತ ತೂಕ ಜಾಸ್ತಿ ಎಳೆಯುತ್ತದೆ. ಆ ಬ್ಯಾಗನ್ನು ಒಂದು ಕೆಜಿಯಷ್ಟು ಹಗುರ ಇಟ್ಟರೆ ಬೈಕು ನೆಟ್ಟಗೆ ಹೋಗುತ್ತದೆ.

ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವ ಟ್ಯಾಂಕ್ ಬ್ಯಾಗಿಗೆ ಮೊಬೈಲ್ ಚಾರ್ಜರ್, ಕಾಗದ ಪತ್ರ, ಟಾರ್ಚು, ತಿಂಡಿ, ಮಳೆ ಕೋಟು. ಅಷ್ಟೇ. ಅದು ಗದ್ದಕ್ಕೆ ತಾಗುವಷ್ಟು ಉಬ್ಬಿದ್ದರೆ ನಿಂತು ಓಡಿಸಲು ಆಗುವುದಿಲ್ಲ, ಮೀಟರೂ ಕಾಣುವುದಿಲ್ಲ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್, ಅಂದರೆ ಸ್ಪ್ರಿಂಗಿನ ಬಿಗಿತ, ಎರಡು ಮೂರು ಹಂತ ಗಟ್ಟಿ ಮಾಡಿಸಿ, ಹಿಂದಿನ ಟೈರಿಗೆ ಇಬ್ಬರು ಕೂತಾಗ ಎಷ್ಟು ಗಾಳಿ ಅಂತ ಬೈಕಿನ ಪುಸ್ತಕದಲ್ಲಿ ಬರೆದಿದೆಯೋ ಅಷ್ಟು ಹಾಕಿಸಿ. ಅದೇ ಪುಸ್ತಕದಲ್ಲಿ ಬೈಕು ಒಟ್ಟು ಎಷ್ಟು ತೂಕ ಹೊರಬಹುದು ಅಂತಲೂ ಇರುತ್ತದೆ. ಅದರಲ್ಲಿ ನಿಮ್ಮ ತೂಕ, ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಸೇರಿದೆ.

ಪ್ರಶ್ನೆ: ವಾಟರ್‌ಪ್ರೂಫ್ ಅಂತ ಹೇಳಿ ಮಾರಿದ ಬ್ಯಾಗು. ಆಗುಂಬೆ ಘಾಟಿ ಹತ್ತುವಷ್ಟರಲ್ಲಿ ಒಳಗಿನ ಸ್ಲೀಪಿಂಗ್ ಬ್ಯಾಗು ಪೂರ್ತಿ ನೆನೆದಿತ್ತು. ಮೇಲೆ ರೇನ್ ಕವರ್ ಕೂಡ ಹಾಕಿದ್ದೆ.
(ಓದುಗರೊಬ್ಬರು, ಉಡುಪಿ)

ಉತ್ತರ: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿ ಪಾಸಾದ ಬ್ಯಾಗು ಎಲ್ಲಿಯಾದರೂ ಪಾಸು. ನಿಮ್ಮದು ಜಿಪ್ ಇರುವ, ಹೊಲಿಗೆ ಹಾಕಿದ ಬ್ಯಾಗು ಅಂತ ಕಾಣುತ್ತದೆ. ಬಟ್ಟೆ ನೀರು ತಡೆಯಬಹುದು, ಆದರೆ ಸೂಜಿ ಹೋದ ಪ್ರತಿ ತೂತಿನಲ್ಲೂ, ಜಿಪ್ಪಿನ ಹಲ್ಲುಗಳ ನಡುವೆಯೂ ನೀರಿಗೆ ದಾರಿ ಇರುತ್ತದೆ. ನಿಂತ ಬ್ಯಾಗಿಗೆ ಬೀಳುವ ಮಳೆ ಬೇರೆ, 60ರ ವೇಗದಲ್ಲಿ ಎದುರಿನಿಂದ ರಾಚುವ ಮಳೆ ಬೇರೆ. ಜೊತೆಗೆ ಹಿಂದಿನ ಚಕ್ರ ಕೆಳಗಿನಿಂದ ಕೆಸರು ನೀರು ಎರಚುತ್ತಲೇ ಇರುತ್ತದೆ. ರೇನ್ ಕವರ್ ಮೇಲಿನ ಮಳೆಯನ್ನು ತಡೆದರೂ ಗಾಳಿಗೆ ಉಬ್ಬಿ ಪಟಪಟ ಹೊಡೆದುಕೊಳ್ಳುತ್ತದೆ, ಒಳಗೆ ಸೇರಿದ ನೀರು ತಳದಲ್ಲಿ ನಿಂತು ಬ್ಯಾಗು ಅದರಲ್ಲೇ ಕೂತಿರುತ್ತದೆ.

ಬೇಕಾದದ್ದು ಹೊಲಿಗೆಯ ಬದಲು ಬಿಸಿಯಲ್ಲಿ ಅಂಟಿಸಿದ ಜೋಡಣೆ ಇರುವ, ಬಾಯಿಯನ್ನು ಸುರುಳಿ ಸುತ್ತಿ ಬಕಲ್ ಹಾಕುವ ಡ್ರೈ ಬ್ಯಾಗು. ಇದರಲ್ಲೂ ಸುತ್ತುವುದರಲ್ಲೇ ಎಲ್ಲ ಇರುವುದು. ಗಾಳಿ ಹೊರಗೆ ಹಾಕಿ, ಬಾಯಿಯ ಎರಡು ಅಂಚು ಸಮ ಮಾಡಿ, ಸುಕ್ಕು ಇಲ್ಲದ ಹಾಗೆ ಕನಿಷ್ಠ ಮೂರು ಸುತ್ತು ಸುತ್ತಬೇಕು. ಸಾಮಾನು ಜಾಸ್ತಿಯಾಗಿ ಒಂದೇ ಸುತ್ತು ಬಂದರೆ ಆ ಬ್ಯಾಗು ಮುಚ್ಚಿಲ್ಲ ಅಂತಲೇ ಲೆಕ್ಕ. ಆದ್ದರಿಂದ 30 ಲೀಟರಿನ ಬ್ಯಾಗು ಅಂದರೆ ಸುತ್ತಲು ಜಾಗ ಬಿಟ್ಟು 25 ಲೀಟರ್ ಅಂತ ಇಟ್ಟುಕೊಳ್ಳಿ.

ಹೊಸ ಬ್ಯಾಗು ಬೇಡ ಅಂದರೆ ಇರುವ ಬ್ಯಾಗಿನೊಳಗೆ ಸಣ್ಣ ಡ್ರೈ ಬ್ಯಾಗುಗಳನ್ನು ಹಾಕಿ. ನನ್ನ ಪ್ರಕಾರ ಇದು ಇನ್ನೂ ಒಳ್ಳೆಯ ದಾರಿ. ಹೊರಗಿನದು ನೆನೆಯಲಿ, ಕೆಸರಾಗಲಿ, ಹರಿಯಲಿ. ಒಳಗಿನ ಬಣ್ಣ ಬಣ್ಣದ ಚೀಲಗಳಲ್ಲಿ ಕೆಂಪಿನಲ್ಲಿ ಬಟ್ಟೆ, ನೀಲಿಯಲ್ಲಿ ಹಾಸಿಗೆ ಅಂತ ಗುರುತು ಇರುತ್ತದೆ. ರಾತ್ರಿ ಹೊರಗಿನ ಬ್ಯಾಗು ಬೈಕಿನ ಮೇಲೇ ಇರಲಿ, ಚೀಲಗಳನ್ನಷ್ಟೇ ಟೆಂಟಿಗೆ ತಗೊಂಡು ಹೋದರಾಯಿತು. ಗಟ್ಟಿ ಪಾಲಿಥಿನ್ ಚೀಲವನ್ನು ಸುತ್ತಿ ರಬ್ಬರ್ ಹಾಕಿದರೂ ಒಂದೆರಡು ಸೀಸನ್ ಆರಾಮಾಗಿ ನಡೆಯುತ್ತದೆ. ಮಲೆನಾಡಿನಲ್ಲಿ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು ಉಪಯೋಗಿಸುವವರಿದ್ದಾರೆ. ಟೆಂಟು, ಹಗ್ಗ, ಗೂಟಕ್ಕೆ ಪರವಾಗಿಲ್ಲ, ಊಟದ ಸಾಮಾನಿಗೆ ಮಾತ್ರ ಬೇಡ.

ಹೊರಡುವ ಮೊದಲು ಪರೀಕ್ಷೆ ಮಾಡಿ. ಬ್ಯಾಗಿನೊಳಗೆ ಹಳೆಯ ಪೇಪರ್ ತುಂಬಿ, ಬೈಕಿಗೆ ಕಟ್ಟಿ, ಹತ್ತು ನಿಮಿಷ ಎಲ್ಲ ಕಡೆಯಿಂದ ಪೈಪಿನಲ್ಲಿ ನೀರು ಬಿಡಿ. ಚಕ್ರದ ಕಡೆಯಿಂದಲೂ. ಪೇಪರ್ ಎಲ್ಲಿ ಒದ್ದೆಯಾಗಿದೆ ಅನ್ನುವುದೇ ತೂತು ಎಲ್ಲಿದೆ ಅಂತ ಹೇಳುತ್ತದೆ.

ಮತ್ತೆ, ಬೆಳಿಗ್ಗೆ ಒದ್ದೆ ಟೆಂಟನ್ನು ಒಣ ಬಟ್ಟೆಯ ಜೊತೆ ಒಳಗೆ ಹಾಕಬೇಡಿ. ಎಷ್ಟೋ ಸಲ ಹೊರಗಿನ ಮಳೆ ಒಳಗೆ ಬಂದಿರುವುದೇ ಇಲ್ಲ, ಟೆಂಟಿನ ನೀರೇ ಎಲ್ಲದಕ್ಕೂ ಹತ್ತಿರುತ್ತದೆ. ಅದು ಬೇರೆ ಚೀಲದಲ್ಲಿ, ಹಿಂದಿನ ಬ್ಯಾಗಿನ ಮೇಲೆ ಹೊರಗಿರಲಿ. ಮಧ್ಯಾಹ್ನ ಬಿಸಿಲು ಸಿಕ್ಕಲ್ಲಿ ಹರಡಿ ಒಣಗಿಸಲೂ ಸುಲಭ.

ಪ್ರಶ್ನೆ: ಬಲಗಡೆ ಬ್ಯಾಗಿನ ಮೂಲೆ ಸೈಲೆನ್ಸರ್‌ಗೆ ತಾಗಿ ಕರಗಿಹೋಯಿತು. ಮನೆಯಲ್ಲಿ ಕಟ್ಟಿದಾಗ ಸಾಕಷ್ಟು ಅಂತರ ಇತ್ತು.
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಮನೆಯಲ್ಲಿ ಬೈಕು ನಿಂತಿತ್ತು. ಓಡುವಾಗ, ಗುಂಡಿಗೆ ಇಳಿದಾಗ ಬ್ಯಾಗು ಕೆಳಕ್ಕೆ ಜಗ್ಗುತ್ತದೆ, ಒಳಕ್ಕೆ ಓಲುತ್ತದೆ, ಪಟ್ಟಿ ಸಡಿಲವಾದರೆ ಇನ್ನೂ ಇಳಿಯುತ್ತದೆ. ಟಾರ್ಪಾಲಿನಂಥ ಪಿವಿಸಿ ಹಾಳೆ ಕುದಿಯುವ ನೀರಿನ ಬಿಸಿಗೇ ಮೆತ್ತಗಾಗುತ್ತದೆ. ನೈಲಾನ್ 220ರಿಂದ 260 ಡಿಗ್ರಿಯ ನಡುವೆ ಕರಗುತ್ತದೆ. ಘಾಟಿ ಹತ್ತುವಾಗ ಸೈಲೆನ್ಸರಿನ ಪೈಪು ಅದನ್ನು ಮುಟ್ಟುವುದು ದೊಡ್ಡ ವಿಷಯವೇ ಅಲ್ಲ.

ಪಕ್ಕದ ರ‍್ಯಾಕ್ ಹಾಕಿಸಿ, ಇದಕ್ಕೆ ಬೇರೆ ದಾರಿ ಇಲ್ಲ. ಒಳ್ಳೆಯ ವೆಲ್ಡಿಂಗ್ ಅಂಗಡಿಯವರು ಸುತ್ತಿನ ಪೈಪು ಬಗ್ಗಿಸಿ ಮಾಡಿಕೊಡುತ್ತಾರೆ, ಆದರೆ ಬೈಕಿನ ಚೌಕಟ್ಟಿಗೆ ನೇರ ವೆಲ್ಡ್ ಮಾಡಲು ಬಿಡಬೇಡಿ, ಬೋಲ್ಟಿನಲ್ಲೇ ಕೂರಿಸಬೇಕು. ಸೈಲೆನ್ಸರಿಗೂ ಬ್ಯಾಗಿಗೂ ನಡುವೆ ತೆಳು ಲೋಹದ ತಗಡು, ತಗಡಿಗೂ ಸೈಲೆನ್ಸರಿಗೂ ನಡುವೆ ಗಾಳಿ ಆಡಲು ಜಾಗ. ಬ್ಯಾಗು ಪೂರ್ತಿ ತುಂಬಿ, ಇಬ್ಬರು ಹಿಂದೆ ಕೂತು ಕುಪ್ಪಳಿಸುವಾಗ ಮೂರನೆಯವರು ಬಗ್ಗಿ ನೋಡಲಿ. ಟೈರಿಗೆ, ಇಂಡಿಕೇಟರಿಗೆ ತಾಗುತ್ತದೆಯೇ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಗ್ಯಾಸ್ ಡಬ್ಬಿ, ಬೆಂಕಿಪೊಟ್ಟಣ ಯಾವತ್ತೂ ಸೈಲೆನ್ಸರ್ ಇಲ್ಲದ ಕಡೆಯ ಬ್ಯಾಗಿನಲ್ಲಿ.

ಪ್ರಶ್ನೆ: ಬಂಜಿ ಕಾರ್ಡ್ ಸಾಕೋ, ಟ್ಯೂಬ್ ರಬ್ಬರ್ ಕಟ್ಟಬೇಕೋ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಬಂಜಿ, ಅಂದರೆ ತುದಿಗಳಲ್ಲಿ ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ, ಬೇಡ. ಅದರ ಗುಣವೇ ಹಿಗ್ಗುವುದು, ನಮಗೆ ಬೇಕಾದದ್ದು ಅಲ್ಲಾಡದಿರುವುದು. ಕೊಕ್ಕೆ ಜಾರಿದರೆ ಕಣ್ಣಿಗೆ ಹೊಡೆಯುತ್ತದೆ, ಓಡುವಾಗ ಜಾರಿದರೆ ಹಿಂದಿನ ಚಕ್ರಕ್ಕೋ ಚೈನಿಗೋ ಸುತ್ತಿಕೊಳ್ಳುತ್ತದೆ. ಹಳೆಯ ಟ್ಯೂಬ್ ಕತ್ತರಿಸಿದ ರಬ್ಬರ್ ಪಟ್ಟಿ ಬಂಜಿಗಿಂತ ಎಷ್ಟೋ ಉತ್ತಮ. ನಮ್ಮ ಹಾಲಿನವರು, ತರಕಾರಿಯವರು ವರ್ಷಗಟ್ಟಲೆ ಅದರ ಮೇಲೇ ವ್ಯಾಪಾರ ಮಾಡಿದ್ದಾರೆ, ಅದು ಸುಮ್ಮನೆ ಬಂದ ನಂಬಿಕೆಯಲ್ಲ. ಚಪ್ಪಲಿ, ಒದ್ದೆ ಟವೆಲ್ಲು, ಸೌದೆ ಹೀಗೆ ಮೇಲಿಂದ ಮೇಲೆ ಬಿಚ್ಚಿ ಕಟ್ಟುವ ಹಗುರ ಸಾಮಾನಿಗೆ ಅದನ್ನೇ ಉಪಯೋಗಿಸಿ. ಸೈಲೆನ್ಸರ್ ಹತ್ತಿರ ಮಾತ್ರ ಬೇಡ.

ಮುಖ್ಯ ಬ್ಯಾಗಿಗೆ ಒಂದು ಇಂಚು ಅಗಲದ, ಹಲ್ಲಿರುವ ಲೋಹದ ಬಕಲ್ ಇರುವ ಪಟ್ಟಿ. ಪಾಲಿಯೆಸ್ಟರ್ ಪಟ್ಟಿ ನೋಡಿ ತಗೊಳ್ಳಿ, ನೈಲಾನ್ ನೆನೆದಾಗ ಹಿಗ್ಗುತ್ತದೆ. ಎರಡು ಪಟ್ಟಿ ಮುಂದಕ್ಕೆ ಎಳೆಯಬೇಕು, ಎರಡು ಹಿಂದಕ್ಕೆ. ಬರೀ ಕೆಳಕ್ಕೆ ಎಳೆದರೆ ಬ್ರೇಕ್ ಹಾಕಿದಾಗಲೆಲ್ಲ ಬ್ಯಾಗು ನಿಮ್ಮ ಬೆನ್ನ ಮೇಲೆ ಏರುತ್ತದೆ. ಉಳಿದ ಬಾಲವನ್ನು ಸುತ್ತಿ ಒಳಗೆ ಸಿಕ್ಕಿಸಿ, ಒಂದು ಗೇಣು ಪಟ್ಟಿ ತೂಗಾಡುತ್ತಿದ್ದರೂ ಚೈನು ಅದನ್ನು ಹುಡುಕಿಕೊಂಡು ಬರುತ್ತದೆ. ಹೊರಟು 15–20 ಕಿಲೋಮೀಟರ್ ಆದ ಮೇಲೆ ನಿಂತು ಎಲ್ಲ ಪಟ್ಟಿಯನ್ನೂ ಇನ್ನೊಮ್ಮೆ ಎಳೆಯಿರಿ. ಅಷ್ಟರಲ್ಲಿ ಒಳಗಿನ ಬಟ್ಟೆ ಕುಸಿದು ಸಡಿಲವಾಗಿರುತ್ತದೆ. ಚಹಾ ಕುಡಿಯಲು ಅದೇ ಒಳ್ಳೆಯ ಜಾಗ.

ಪ್ರಶ್ನೆ: ನನ್ನ ಮಗಳು ಗೆಳತಿಯರ ಜೊತೆ ಬೈಕಿನಲ್ಲಿ ಹೋಗಿ ಟೆಂಟ್ ಹಾಕುತ್ತಾಳಂತೆ. ಬೇಡ ಅನ್ನಲು ಮನಸ್ಸಿಲ್ಲ, ಆದರೆ ಭಯ ಇದೆ. ಅವಳ ಬ್ಯಾಗಿನಲ್ಲಿ ಏನಿರಲೇಬೇಕು?
(ತಾಯಿಯೊಬ್ಬರು, ತುಮಕೂರು)

ಉತ್ತರ: ಬೇಡ ಅನ್ನದೆ ಹೀಗೆ ಕೇಳಿದಿರಲ್ಲ, ತುಂಬಾ ಸಂತೋಷವಾಯಿತು ಅಮ್ಮ. ಒಂದು ಪ್ರಥಮ ಚಿಕಿತ್ಸೆಯ ಚೀಲ ಇರಲಿ, ಅದು ಬ್ಯಾಗಿನ ತಳದಲ್ಲಲ್ಲ, ಹೊರಗಿನ ಜೇಬಿನಲ್ಲಿ. ಅದು ಎಲ್ಲಿದೆ ಅಂತ ಜೊತೆಗಿರುವ ಎಲ್ಲರಿಗೂ ಗೊತ್ತಿರಬೇಕು, ಏಕೆಂದರೆ ಬಿದ್ದವರೇ ಎದ್ದು ಹುಡುಕಲು ಆಗುವುದಿಲ್ಲ. ಗಾಯಕ್ಕೆ ಕಟ್ಟುವ ಅಗಲ ಬಟ್ಟೆ, ಕ್ರೇಪ್ ಬ್ಯಾಂಡೇಜು, ಓಆರ್‌ಎಸ್, ಅವಳು ದಿನಾ ತಗೊಳ್ಳುವ ಮಾತ್ರೆ ಇದ್ದರೆ ಅದು, ರಕ್ತದ ಗುಂಪು ಮತ್ತು ನಿಮ್ಮ ನಂಬರ್ ಬರೆದ ಚೀಟಿ. ಎರಡನೆಯದು ಒಂದು ಜೊತೆ ಒಣ ಬಟ್ಟೆ ಮತ್ತು ಉಣ್ಣೆಯ ಟೋಪಿ, ಬೇರೆ ಚೀಲದಲ್ಲಿ ಸುತ್ತಿಟ್ಟದ್ದು. ಏನೇ ಆದರೂ ಅದನ್ನು ಮಲಗುವ ಹೊತ್ತಿನವರೆಗೆ ಮುಟ್ಟಬಾರದು. ಚಿಕ್ಕಮಗಳೂರಿನ ಬೆಟ್ಟದ ಮೇಲೆ ಗಾಳಿ ಬೀಸುವಾಗ ಒದ್ದೆ ಮೈಯಲ್ಲಿ ರಾತ್ರಿ ಕಳೆಯುವುದು ಅಪಾಯದ ವಿಷಯ. ಟಾರ್ಚು ಟ್ಯಾಂಕ್ ಬ್ಯಾಗಿನಲ್ಲಿ, ಕೈಗೆ ಸಿಗುವ ಹಾಗೆ.

ಬ್ಯಾಗಿಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಅವಳನ್ನು ಕೇಳಿ: ಟೆಂಟು ಎಲ್ಲಿ ಹಾಕುತ್ತೀರಿ? ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, ಗೇಟಿನ ಹತ್ತಿರ ತಡವಾಗಿ ಹೋಗಿ ರಸ್ತೆ ಬದಿಯಲ್ಲೇ ಟೆಂಟ್ ಹಾಕೋಣ ಅನ್ನುವ ಯೋಚನೆ ಬರಲೇಬಾರದು. ಸಕಲೇಶಪುರ, ಆಲೂರು, ಕೊಡಗಿನ ಕಡೆ ಕಾಫಿ ತೋಟದೊಳಗೂ ಆನೆ ಓಡಾಡುತ್ತದೆ. ಹೋಂಸ್ಟೇಯವರ ಅಂಗಳದಲ್ಲೋ, ತೋಟದ ಮಾಲೀಕರನ್ನು ಕೇಳಿ ಅವರು ತೋರಿಸಿದ ಜಾಗದಲ್ಲೋ ಹಾಕಲಿ. ಅಲ್ಲಿ ನೀರೂ ಸಿಗುತ್ತದೆ, ಶೌಚಾಲಯವೂ ಸಿಗುತ್ತದೆ, ಅರ್ಧ ಸಾಮಾನು ಮನೆಯಲ್ಲೇ ಬಿಟ್ಟು ಹೋಗಬಹುದು.

ಇನ್ನೊಂದು. ಮಳೆ ಬಂತು ಅಂತ ಟೆಂಟಿನ ಒಳಗೆ ಸ್ಟೌ ಹಚ್ಚಬಾರದು, ಕೆಂಡ ಇಟ್ಟುಕೊಳ್ಳಬಾರದು. ಉರಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಇದನ್ನು ಅವಳಿಗೆ ಎರಡು ಸಲ ಹೇಳಿ.

ಪ್ರಶ್ನೆ: ಪುಣೆಯಲ್ಲಿರುವ ನಾವು ಮೂವರು ಕನ್ನಡಿಗರು ಮನಾಲಿಯಿಂದ ಲೇಹ್‌ಗೆ ಹಿಮಾಲಯನ್ 450ಗಳಲ್ಲಿ ಹೋಗುತ್ತಿದ್ದೇವೆ. ಪೆಟ್ರೋಲ್ ಕ್ಯಾನು, ಗ್ಯಾಸ್ ಸ್ಟೌ ಎಲ್ಲಿ ಕಟ್ಟುವುದು? ಬೈಕುಗಳನ್ನು ರೈಲಿನಲ್ಲಿ ಕಳಿಸುವ ಯೋಚನೆ ಇದೆ.
(ಓದುಗರೊಬ್ಬರು, ಪುಣೆ)

ಉತ್ತರ: ನಿಮ್ಮ ದಾರಿಯಲ್ಲಿ ಸಿಗುವ ತಾಂಡಿಯ ಪೆಟ್ರೋಲ್ ಬಂಕಿನ ಫಲಕ ಪ್ರಸಿದ್ಧ, ಮುಂದಿನ ಬಂಕ್ 365 ಕಿಲೋಮೀಟರ್ ಅಂತ. ನಿಮ್ಮ ಟ್ಯಾಂಕು 17 ಲೀಟರ್. ಲೀಟರಿಗೆ 25 ಕಿಲೋಮೀಟರ್ ಕೊಟ್ಟರೂ 425 ಆಯಿತು. ನೇರ ಹೋಗುವುದಾದರೆ ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿದರೆ ಸಾಕು. ಒಳದಾರಿಗಳಿಗೆ ತಿರುಗುವ ಆಸೆ ಇದ್ದರೆ ಒಬ್ಬೊಬ್ಬರಿಗೆ ಎರಡು ಮೂರು ಲೀಟರ್. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿಯ ಹತ್ತಿರ ತೂಗುತ್ತದೆ, ನೀರಿಗಿಂತ ಹಗುರ, ಆದರೂ ಜಾಗ ಅದೇ: ಕೆಳಗೆ, ಮುಂದೆ. ಬ್ಯಾಗಿನ ಒಳಗಂತೂ ಬೇಡವೇ ಬೇಡ. ಹೊರಗೆ, ಸೈಲೆನ್ಸರ್ ಇಲ್ಲದ ಕಡೆ, ಪೆಟ್ರೋಲಿಗಾಗಿಯೇ ಮಾಡಿದ ಕ್ಯಾನಿನಲ್ಲಿ. ನೀರಿನ ಬಾಟಲಿಯಲ್ಲಿ ತುಂಬುವವರಿದ್ದಾರೆ, ದಯವಿಟ್ಟು ಬೇಡ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಕ್ಯಾನು ಉಬ್ಬುತ್ತದೆ, ಆದ್ದರಿಂದ ಬಾಯಿವರೆಗೆ ತುಂಬಬೇಡಿ, ಬಿಚ್ಚುವಾಗ ಮುಚ್ಚಳ ನಿಧಾನವಾಗಿ ತಿರುಗಿಸಿ. ಮೊದಲ ಅವಕಾಶದಲ್ಲೇ ಕ್ಯಾನಿನದ್ದನ್ನು ಟ್ಯಾಂಕಿಗೆ ಸುರಿದುಬಿಡಿ.

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಣ್ಣ ಗ್ಯಾಸ್ ಡಬ್ಬಿಗಳಲ್ಲಿ ಹೆಚ್ಚಿನವು ಬ್ಯೂಟೇನಿನವು. ಚಳಿ ಹೆಚ್ಚಾದಂತೆ ಬ್ಯೂಟೇನು ಸರಿಯಾಗಿ ಆವಿಯಾಗುವುದಿಲ್ಲ. ದಾರಿಯಲ್ಲಿ ಸಿಗುವ ಸರ್ಚು ಸುಮಾರು 4,300 ಮೀಟರ್ ಎತ್ತರದಲ್ಲಿದೆ, ಬೆಳಗಿನ ಜಾವ ಸ್ಟೌ ಸತ್ತಂತೆ ಆಗುವುದು ಇದಕ್ಕೇ. ಪ್ರೊಪೇನ್ ಬೆರೆತ ಡಬ್ಬಿ ಸಿಕ್ಕರೆ ಅದು, ಪ್ರೊಪೇನು ಮೈನಸ್ 42ರವರೆಗೂ ಆವಿಯಾಗುತ್ತದೆ. ಸಿಗದಿದ್ದರೆ ರಾತ್ರಿ ಡಬ್ಬಿಯನ್ನು ಜಾಕೆಟ್ಟಿನಲ್ಲಿ ಸುತ್ತಿಡಿ. ಬೆಂಕಿಗೆ ಹಿಡಿದು ಬಿಸಿ ಮಾಡಬೇಡಿ. ದಾರಿಯುದ್ದಕ್ಕೂ ಡಾಬಾ ಟೆಂಟುಗಳಿವೆ, ಬೇಸಿಗೆಯಲ್ಲಿ ಬಿಸಿ ಊಟ ಸಿಗುತ್ತದೆ. ನನ್ನನ್ನು ಕೇಳಿದರೆ ಮೂವರಿಗೆ ಒಂದೇ ಸ್ಟೌ ಸಾಕು, ಒಂದೇ ಟೂಲ್ ಕಿಟ್ ಸಾಕು, ಒಂದೇ ಪಂಪ್ ಸಾಕು. ಮೂರು ಬೈಕೂ ಒಂದೇ ಆಗಿರುವುದರ ದೊಡ್ಡ ಲಾಭ ಅದೇ, ಹಂಚಿಕೊಂಡು ಕಟ್ಟಿ. ಚಕ್ರಗಳು ಟ್ಯೂಬಿನವಾದರೆ ಮುಂದಿನ 21 ಇಂಚಿನ ಟ್ಯೂಬ್ ಒಂದು ಇರಲಿ. ತುರ್ತಿಗೆ ಹಿಂದಿನ ಚಕ್ರಕ್ಕೂ ಅದನ್ನೇ ಹಾಕಿ ನಿಧಾನವಾಗಿ ಊರು ಸೇರಬಹುದು.

ರೈಲಿನ ಪಾರ್ಸೆಲ್‌ಗೆ ಕೊಡುವಾಗ ಟ್ಯಾಂಕು ಖಾಲಿ ಮಾಡಲೇಬೇಕು. ಬ್ಯಾಗು ಕಟ್ಟಿ ಕಳಿಸಬೇಡಿ, ಜೊತೆಗೇ ಒಯ್ಯಿರಿ. ಗ್ಯಾಸ್ ಡಬ್ಬಿ ರೈಲಿನಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ, ಮನಾಲಿಯಲ್ಲೇ ಕೊಳ್ಳಿ.

ಪ್ರಶ್ನೆ: ಈ ಬ್ಯಾಗುಗಳ ಬೆಲೆ ನೋಡಿ ಗಾಬರಿಯಾಯಿತು. ಕಡಿಮೆ ದುಡ್ಡಿನಲ್ಲಿ ಶುರು ಮಾಡಬಹುದೇ? ಎಷ್ಟು ಲೀಟರಿನದು ಬೇಕು?
(ಓದುಗರೊಬ್ಬರು, ಕೋಲಾರ)

ಉತ್ತರ: ಖಂಡಿತ. ಮೊದಲ ಸಲಕ್ಕೆ 40 ಲೀಟರಿನ ಒಂದು ಡ್ರೈ ಬ್ಯಾಗು ಹಿಂದಿನ ಸೀಟಿಗೆ, ಮನೆಯಲ್ಲಿರುವ ಕಾಲೇಜ್ ಬ್ಯಾಗುಗಳಲ್ಲಿ ಎರಡನ್ನು ಪಕ್ಕಕ್ಕೆ, ಅಷ್ಟೇ. ಸೀಟ್ ಕವರ್ ಹೊಲಿಯುವ ಅಂಗಡಿಯವರ ಹತ್ತಿರ ದಪ್ಪ ರೆಕ್ಸಿನ್, ಗಟ್ಟಿ ದಾರ, ಬಲವಾದ ಮಷೀನು ಎಲ್ಲ ಇರುತ್ತದೆ. ಎರಡು ಬ್ಯಾಗಿನ ನಡುವೆ ಸೀಟಿನ ಮೇಲೆ ಹಾಯುವ ಅಗಲ ಪಟ್ಟಿ ಹೊಲಿಸಿಕೊಂಡರೆ ಜೋಡಿ ಸಿದ್ಧ. ಪಟ್ಟಿ ಸೇರುವ ಕಡೆ ಚೌಕ ಹಾಕಿ ನಡುವೆ ಕತ್ತರಿ ಹೊಲಿಗೆ ಹಾಕಲು ಹೇಳಿ, ಕಿತ್ತು ಬರುವುದು ಯಾವಾಗಲೂ ಅಲ್ಲೇ. ಟ್ಯಾಂಕಿಗೂ ಪಕ್ಕದ ಬಣ್ಣಕ್ಕೂ ಉಜ್ಜುವ ಜಾಗದಲ್ಲಿ ಪಾರದರ್ಶಕ ಫಿಲ್ಮ್ ಅಂಟಿಸಿ, ಧೂಳು ಸೇರಿದ ಬಟ್ಟೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಒಂದೆರಡು ರಾತ್ರಿ ಹೀಗೆ ಕಳೆದು ಬಂದ ಮೇಲೆ ನಿಮಗೇ ಗೊತ್ತಾಗುತ್ತದೆ ಏನು ಬೇಕು, ಏನು ಬೇಡ. ಆಮೇಲೆ ಒಳ್ಳೆಯದು ಕೊಳ್ಳಿ. ಬೆಂಗಳೂರಿನ ವಯಾಟೆರಾ, ಮುಂಬೈನ ರೈನಾಕ್ಸ್ ನಮ್ಮಲ್ಲೇ ಮಾಡುತ್ತಿರುವುದರಿಂದ ಬಕಲ್ ಮುರಿದರೆ, ಪಟ್ಟಿ ಹರಿದರೆ ಬಿಡಿ ಭಾಗ ಕೇಳುವುದು ಹೊರದೇಶದ ಬ್ಯಾಗಿಗಿಂತ ಸುಲಭ. ಅಮೆರಿಕದ ಒರೆಗಾನ್‌ನ ಜೈಂಟ್ ಲೂಪ್‌ನವರು ಮಾಡುವ, ರ‍್ಯಾಕೇ ಬೇಡದ, ಕುದುರೆ ಲಾಳದ ಆಕಾರದ ಒಂದೇ ಬ್ಯಾಗು ಇದೆಯಲ್ಲ, ಸೀಟಿನ ಸುತ್ತ ಕೂರುವಂಥದ್ದು, ಸಣ್ಣ ಬೈಕುಗಳಿಗೆ ಆ ಆಕಾರ ನನಗೆ ತುಂಬಾ ಇಷ್ಟ. ತೂಕ ತಾನಾಗಿಯೇ ಮುಂದಕ್ಕೆ ಬರುತ್ತದೆ.

ಲೀಟರ್ ಲೆಕ್ಕಕ್ಕೆ: ಕೊಳ್ಳುವ ಮೊದಲು ಎಲ್ಲ ಸಾಮಾನನ್ನೂ ನೆಲದ ಮೇಲೆ ಹರಡಿ. ಅದು ಹಿಡಿಸುವಷ್ಟೇ ಬ್ಯಾಗು. ಒಬ್ಬರಿಗೆ, ಅಡುಗೆಯೂ ಸೇರಿ, ಎಲ್ಲ ಬ್ಯಾಗು ಒಟ್ಟಾಗಿ 60–70 ಲೀಟರ್ ಧಾರಾಳ. ದೊಡ್ಡ ಬ್ಯಾಗು ಕೊಂಡರೆ ಅದು ತುಂಬಿಯೇ ತುಂಬುತ್ತದೆ.

ಪ್ರಶ್ನೆ: ರಾತ್ರಿ ಬ್ಯಾಗುಗಳನ್ನು ಬೈಕಿನ ಮೇಲೇ ಬಿಡಬಹುದೇ? ಹಗಲು ಊಟಕ್ಕೆ ಹೋದಾಗ?
(ಓದುಗರೊಬ್ಬರು, ಮಂಗಳೂರು)

ಉತ್ತರ: ಹಗಲು ಬೈಕು ಕಣ್ಣಿಗೆ ಕಾಣುವ ಹೋಟೆಲಿನಲ್ಲೇ ಕೂರಿ. ಪಟ್ಟಿಗಳ ನಡುವೆ ತೆಳು ಸ್ಟೀಲ್ ಕೇಬಲ್ ಹಾಯಿಸಿ ಸಣ್ಣ ಬೀಗ ಹಾಕಿದರೆ ಕೈ ಹಾಕಿ ಎಳೆದುಕೊಂಡು ಹೋಗುವವರನ್ನು ತಡೆಯಬಹುದು. ಚಾರ್ಮಾಡಿಯಂಥ ಘಾಟಿಗಳಲ್ಲಿ ಕಳ್ಳರಿಗಿಂತ ಮಂಗಗಳ ಕಾಟವೇ ಜಾಸ್ತಿ. ಅವಕ್ಕೆ ಜಿಪ್ ಎಳೆಯುವುದು ಗೊತ್ತು, ಬಾಳೆಹಣ್ಣಿನ ವಾಸನೆ ದೂರದಿಂದಲೇ ಗೊತ್ತು. ಫೋಟೋ ತೆಗೆಯಲು ಐದು ನಿಮಿಷ ನಿಂತರೂ ತಿಂಡಿ ಹೊರಗಿನ ಜೇಬಿನಲ್ಲಿ ಇರಬಾರದು.

ರಾತ್ರಿ ಖಾಲಿ ಬ್ಯಾಗುಗಳು ಬೈಕಿನ ಮೇಲೇ ಇರಲಿ. ಊಟದ ಸಾಮಾನನ್ನು ಮಾತ್ರ ಬೈಕಿನಲ್ಲೂ ಬಿಡಬೇಡಿ, ನೀವು ಮಲಗುವ ಟೆಂಟಿನಲ್ಲೂ ಇಟ್ಟುಕೊಳ್ಳಬೇಡಿ. ಉಪ್ಪು, ಬೆಲ್ಲ, ಹಣ್ಣು ಆನೆಯನ್ನೂ ಹಂದಿಯನ್ನೂ ಕರೆಯುತ್ತವೆ. ಜಾಗ ಕೊಟ್ಟ ಮನೆಯವರ ಅಡುಗೆ ಮನೆಯಲ್ಲೋ ಉಗ್ರಾಣದಲ್ಲೋ ಇಡುತ್ತೇವೆ ಅಂತ ಕೇಳಿ. ಇಲ್ಲ ಅನ್ನುವವರು ಕಡಿಮೆ.